ಮೈತ್ರಿಯ ಹಿತ್ತಲಲ್ಲಿ ಒಂದು ಘಟ್ಟ

ಪ್ರಶ್ನೆ: ನಮ್ಮ ಶಾಲೆಗೆ ಹೊಸದಾಗಿ ಅಂಟಾರ್ಕ್ಟಿಕಾದ ನಕ್ಷೆ ಬಂದಿದೆ. ಅದರಲ್ಲಿ ಭಾರತದ ಮೈತ್ರಿ ಕೇಂದ್ರದಿಂದ ಸ್ವಲ್ಪ ಕೆಳಗೆ, ಧ್ರುವದ ಕಡೆಗೆ, ಕಂದು ಚುಕ್ಕೆಗಳ ಒಂದು ಸಾಲಿದೆ. ‘ವೋಲ್ಟಾಟ್ ಪರ್ವತಗಳು’ ಎಂದು ಬರೆದಿದೆ. ಮಕ್ಕಳು ಕೇಳುತ್ತಿದ್ದಾರೆ: ಎಲ್ಲಾ ಕಡೆ ಅಷ್ಟು ದಪ್ಪ ಐಸು ಇದ್ದರೆ ಈ ಬೆಟ್ಟ ಹೊರಗೆ ಹೇಗೆ ಕಾಣುತ್ತದೆ? ಚುಕ್ಕೆ ಚುಕ್ಕೆಯಾಗಿ ಬಿಡಿ ಬಿಡಿ ಯಾಕಿದೆ? ನಮ್ಮ ಕೇಂದ್ರದ ಹಿತ್ತಲಿಗೆ ಜರ್ಮನ್ ಹೆಸರು ಯಾಕೆ? ಅಲ್ಲಿ ಏನಾದರೂ ಬದುಕುತ್ತದಾ? ಅಲ್ಲಿಂದ ಒಂದು ಕಲ್ಲು ತರಿಸಲು ಆಗುತ್ತದಾ?
— ಪ್ರೌಢಶಾಲಾ ಶಿಕ್ಷಕರೊಬ್ಬರು, ಸಾಗರ ತಾಲೂಕು

ಉತ್ತರ: ಮೇಷ್ಟ್ರೇ, ನೀವು ಸಾಗರದ ಕಡೆಯವರು ಅಂತ ಓದಿದ ಕೂಡಲೇ ನನಗೆ ಅರ್ಧ ಕೆಲಸ ಉಳಿಯಿತು. ಶರಾವತಿ ಹಿನ್ನೀರು ನೋಡಿದವರಿಗೆ ಈ ಬೆಟ್ಟ ಅರ್ಥವಾಗುವುದು ಸುಲಭ.

ಅಂಬಾರಗೋಡ್ಲಿನಿಂದ ಲಾಂಚ್ ಹತ್ತಿ ಸಿಗಂದೂರಿನ ಕಡೆ ದಾಟುತ್ತಿದ್ದ ದಿನಗಳನ್ನು ನೆನಪು ಮಾಡಿಕೊಳ್ಳಿ. ಎರಡೂ ಬದಿಗೆ ಸಣ್ಣ ಸಣ್ಣ ನಡುಗಡ್ಡೆ. ಪ್ರವಾಸಕ್ಕೆ ಬಂದವರು ಅವನ್ನು ದ್ವೀಪ ಅಂದುಕೊಂಡು ಫೋಟೋ ತೆಗೆಯುತ್ತಾರೆ. ಊರಿನ ಹಿರಿಯರು ಮಾತ್ರ ಇದು ಇಂಥವರ ಗುಡ್ಡ, ಅದು ಇಂಥವರ ಬೇಣ ಎಂದು ಗುರುತು ಹೇಳುತ್ತಾರೆ. ಲಿಂಗನಮಕ್ಕಿ ಅಣೆಕಟ್ಟು ಬಂದ ಮೇಲೆ ಕಣಿವೆಗಳು ಮುಳುಗಿದವು, ನೆತ್ತಿಗಳು ಉಳಿದವು. ಮೇ ತಿಂಗಳಲ್ಲಿ ನೀರು ಇಳಿದಾಗ ಎರಡು ನಡುಗಡ್ಡೆ ಕೂಡಿ ಒಂದಾಗುವುದನ್ನು ನೀವೇ ನೋಡಿರುತ್ತೀರಿ.

ನಿಮ್ಮ ನಕ್ಷೆಯ ಕಂದು ಚುಕ್ಕೆಗಳೂ ಹಾಗೇ. ಅಡಿಯಲ್ಲಿ ಬೆಟ್ಟಸಾಲು ಒಂದೇ. ಕಣಿವೆಗಳಲ್ಲಿ ನೀರಿನ ಬದಲು ಐಸು ತುಂಬಿದೆ, ತಲೆಗಳಷ್ಟೇ ಹೊರಗಿವೆ. ಐಸಿನಿಂದ ಹೀಗೆ ತಲೆ ಎತ್ತಿದ ಬಂಡೆಗೆ ನುನಾಟಕ್ ಎನ್ನುತ್ತಾರೆ. ಗ್ರೀನ್‌ಲ್ಯಾಂಡಿನ ಇನ್ಯುಯಿಟ್ ಜನರ ಮಾತು ಅದು. ಕಲ್ಲು, ಬೆಟ್ಟ ಓದುವ ನಮ್ಮ ಭೂವಿಜ್ಞಾನದ ಕಸುಬಿನವರೆಲ್ಲ ಈಗ ಅದನ್ನೇ ಬಳಸುತ್ತೇವೆ.

ಆದರೆ ಹಿನ್ನೀರಿನ ಹೋಲಿಕೆ ಒಂದು ಕಡೆ ಕೈಕೊಡುತ್ತದೆ. ಅಸಲಿ ವಿಷಯ ಇರುವುದೇ ಅಲ್ಲಿ. ಹಿನ್ನೀರಿನ ಮಟ್ಟ ನಡುಗಡ್ಡೆಯ ನಾಲ್ಕೂ ಬದಿಗೆ ಒಂದೇ ಇರುತ್ತದೆ. ವೋಲ್ಟಾಟ್ ಬೆಟ್ಟಗಳ ಸುತ್ತ ಹಾಗಿಲ್ಲ. ದಕ್ಷಿಣಕ್ಕೆ, ಅಂದರೆ ಧ್ರುವದ ಕಡೆಗೆ, ಐಸಿನ ಮೇಲ್ಮೈ ಸಮುದ್ರಮಟ್ಟದಿಂದ 2,000 ಮೀಟರ್ ದಾಟುತ್ತದೆ. ಉತ್ತರದ ಬುಡದಲ್ಲಿ ಅದು ಸುಮಾರು 1,000 ಮೀಟರಿಗೆ, ಕೆಲವು ಕಡೆ ಇನ್ನೂ ಕೆಳಕ್ಕೆ ಇಳಿದಿರುತ್ತದೆ. ಹೀಗಾಗಿ ಧ್ರುವದ ಕಡೆಯಿಂದ ಬಂದವರಿಗೆ ಅಲ್ಲಿ ಬೆಟ್ಟ ಇದೆ ಎಂದೇ ಅನಿಸುವುದಿಲ್ಲ. ಬಿಳಿ ಬಯಲಿನಲ್ಲಿ ಅಲ್ಲಲ್ಲಿ ಕಲ್ಲಿನ ಮೊಳೆಗಳು, ಅಷ್ಟೇ. ಸಮುದ್ರದ ಕಡೆಯಿಂದ ಬಂದವರಿಗೆ ಅದೇ ಬೆಟ್ಟ ಸಾವಿರ ಮೀಟರಿನ ಗೋಡೆಯಾಗಿ ಎದುರು ನಿಲ್ಲುತ್ತದೆ.

ಹೀಗೆ ಒಂದು ಬದಿಯಿಂದ ನೋಡಿದರೆ ಬಯಲು, ಇನ್ನೊಂದು ಬದಿಯಿಂದ ನೋಡಿದರೆ ಗೋಡೆ. ಇಂಥದ್ದಕ್ಕೆ ನಮ್ಮಲ್ಲಿ ಒಳ್ಳೆಯ ಹೆಸರು ಮೊದಲಿನಿಂದ ಇದೆಯಲ್ಲ: ಘಟ್ಟ. ಸಾಗರದಿಂದ ಪಶ್ಚಿಮಕ್ಕೆ ಹೋದರೆ ನೀವು ಏನೂ ಹತ್ತುವುದಿಲ್ಲ, ಹೊನ್ನಾವರದ ಕಡೆಗೆ ಇಳಿಯುತ್ತೀರಿ ಅಷ್ಟೇ. ಕೆಳಗಿನವರಿಗೆ ಮಾತ್ರ ಅದು ಬೆಟ್ಟ. ವೋಲ್ಟಾಟ್ ಸಾಲೂ ಅಂಥದ್ದೇ. ಇದು ಸುಮ್ನೆ ಬಾಯಿಮಾತಿನ ಹೋಲಿಕೆ ಅಲ್ಲ. ಎರಡೂ ಹುಟ್ಟಿದ್ದು ಒಂದೇ ರೀತಿ. ದೊಡ್ಡ ಭೂಖಂಡ ಸೀಳುತ್ತದೆ, ಸೀಳಿದ ಅಂಚು ಮೇಲೇಳುತ್ತದೆ, ಸಮುದ್ರದ ಕಡೆಯಿಂದ ನದಿಗಳು ಆ ಅಂಚನ್ನು ಕೊರೆಯುತ್ತಾ ಒಳಕ್ಕೆ ತಳ್ಳುತ್ತವೆ. ಹಿಂದೆ ಎತ್ತರದ ಬಯಲು, ಮುಂದೆ ತಗ್ಗಿನ ಕರಾವಳಿ, ನಡುವೆ ಕಡಿದಾದ ಇಳಿಜಾರು. ನಮ್ಮ ಸಹ್ಯಾದ್ರಿ ಮಡಗಾಸ್ಕರ್ ಮತ್ತು ಸೇಶೆಲ್ಸ್ ಭಾರತದಿಂದ ಬೇರೆಯಾದಾಗ ಉಳಿದ ಅಂಚು. ಅಲ್ಲಿನದು ಆಗ್ನೇಯ ಆಫ್ರಿಕಾದಿಂದ ಅಂಟಾರ್ಕ್ಟಿಕಾ ಬಿಟ್ಟುಹೋದಾಗ ಉಳಿದ ಅಂಚು. ಆ ಸೀಳು ಶುರುವಾಗಿದ್ದು ಸುಮಾರು 18 ಕೋಟಿ ವರ್ಷದ ಹಿಂದೆ. ನದಿಗಳ ಕಾಲ ಮುಗಿದು ಐಸಿನ ಹಾಸು ಬಂದದ್ದು ಸುಮಾರು 3.4 ಕೋಟಿ ವರ್ಷದ ಹಿಂದೆ. ಆಮೇಲೆ ಕಣಿವೆ ಕೊರೆಯುವ ಕೆಲಸ ಹಿಮನದಿಗಳ ಪಾಲಾಯಿತು.

ಹಾಗಾಗಿ ಮಕ್ಕಳಿಗೆ ಮೊದಲು ಇದನ್ನು ಮಾಡಿಸಿ: ಪೆನ್ಸಿಲಿನಿಂದ ಆ ಚುಕ್ಕೆಗಳನ್ನೆಲ್ಲ ಕೂಡಿಸಿ ಒಂದು ಗೆರೆ ಎಳೆಯಿರಿ. ವೋಲ್ಟಾಟ್‌ನಲ್ಲಿ ನಿಲ್ಲಿಸಬೇಡಿ. ಪಶ್ಚಿಮಕ್ಕೆ ಓರ್ವಿನ್, ಮ್ಯೂಲಿಗ್-ಹೋಫ್‌ಮನ್, ಇನ್ನೂ ಮುಂದೆ ಹೈಮೆಫ್ರಂಟ್. ಪೂರ್ವಕ್ಕೆ ಸೋರ್ ರೋಂಡಾನೆ. ಬೆಲ್ಜಿಯಮ್ಮಿನ ಪ್ರಿನ್ಸೆಸ್ ಎಲಿಜಬೆತ್ ಕೇಂದ್ರ ಇರುವುದು ಆ ಕೊನೆಯ ಬೆಟ್ಟಗಳ ಪಕ್ಕದಲ್ಲಿ. ಗೆರೆ ಸಾವಿರ ಕಿಲೋಮೀಟರ್ ಮೀರುತ್ತದೆ, ಹೆಚ್ಚು ಕಡಿಮೆ ಕರಾವಳಿಗೆ ಸಮಾನಾಂತರವಾಗಿ ಓಡುತ್ತದೆ. ಸಹ್ಯಾದ್ರಿಯ ನಕ್ಷೆ ಪಕ್ಕದಲ್ಲಿಟ್ಟು ತೋರಿಸಿದರೆ ಜಾಸ್ತಿ ವಿವರಣೆ ಬೇಕಾಗುವುದಿಲ್ಲ.

ಈಗ ನಿಮ್ಮ ಚುಕ್ಕೆಗಳ ಹತ್ತಿರಕ್ಕೆ ಬರೋಣ. ಮೈತ್ರಿ ಇರುವುದು ಶಿರ್ಮಾಕರ್ ಓಯಸಿಸ್ ಎಂಬ ಜಾಗದಲ್ಲಿ. ಓಯಸಿಸ್ ಅಂದರೆ ಖರ್ಜೂರದ ಮರ ನೆನಪಾಗುತ್ತದೆ. ಇಲ್ಲಿ ಆ ಮಾತಿಗೆ ಐಸಿಲ್ಲದ ಬರೀ ನೆಲ ಎಂದರ್ಥ. ಸುಮಾರು 25 ಕಿ.ಮೀ. ಉದ್ದ, ಅಗಲ ಹೆಚ್ಚೆಂದರೆ 3 ಕಿ.ಮೀ. ಕಲ್ಲುಗುಡ್ಡಗಳ ಒಂದು ಪಟ್ಟಿ, ನಡುವೆ ನೂರಕ್ಕೂ ಜಾಸ್ತಿ ಕೆರೆಗಳು. ಅವುಗಳಲ್ಲಿ ಒಂದರ ಹೆಸರು ಪ್ರಿಯದರ್ಶಿನಿ, ಮೈತ್ರಿಗೆ ಕುಡಿಯುವ ನೀರು ಅಲ್ಲಿಂದಲೇ. ಭಾರತದ ಮೊದಲ ಕೇಂದ್ರ ದಕ್ಷಿಣ ಗಂಗೋತ್ರಿ 1983-84ರಲ್ಲಿ ಸಮುದ್ರದ ಮೇಲೆ ತೇಲುವ ಐಸಿನ ಹಾಸಿನಲ್ಲಿ ಕಟ್ಟಿದ್ದು, ಕ್ರಮೇಣ ಹಿಮದಲ್ಲಿ ಹೂತುಹೋಯಿತು. ಅದಕ್ಕೇ ಮೈತ್ರಿಯನ್ನು ಗಟ್ಟಿ ಬಂಡೆಯ ಮೇಲೆ ಕಟ್ಟಿದರು. ಘಟ್ಟದ ಲೆಕ್ಕದಲ್ಲಿ ಹೇಳುವುದಾದರೆ ಮೈತ್ರಿ ಕುಮಟಾ, ಅಂಕೋಲಾದ ಹಾಗೆ: ಕೆಳಗಿನ ಊರು. ಅದರ ಬೆನ್ನಿಗೆ ಐಸು ನಿಧಾನವಾಗಿ ಏರುತ್ತಾ ಹೋಗುತ್ತದೆ. ಎಂಬತ್ತು, ನೂರು ಕಿ.ಮೀ. ಕಳೆದ ಮೇಲೆ ವೋಲ್ಟಾಟ್.

ವೋಲ್ಟಾಟ್ ಅನ್ನುವುದು ಮೂರು ಗುಂಪುಗಳಿಗೆ ಸೇರಿಸಿ ಇಟ್ಟ ಹೆಸರು. ಪಶ್ಚಿಮಕ್ಕೆ ಹುಂಬೋಲ್ಟ್, ನಡುವೆ ಪೀಟರ್‌ಮನ್, ಪೂರ್ವಕ್ಕೆ ಗ್ರೂಬರ್. ನಡುವಿನ ಪೀಟರ್‌ಮನ್‌ನಲ್ಲಿ ಮತ್ತೆ ಮೂರು ಸಾಲು, ಮೂರೂ ಉತ್ತರ-ದಕ್ಷಿಣವಾಗಿ, ಬಾಚಣಿಗೆಯ ಹಲ್ಲಿನಂತೆ. ಘಟ್ಟ ಪೂರ್ವ-ಪಶ್ಚಿಮ, ಅದರ ಹಲ್ಲುಗಳು ಉತ್ತರ-ದಕ್ಷಿಣ. ಹಲ್ಲುಗಳ ನಡುವಿನ ಸಂದಿಗಳಲ್ಲಿ ಹಿಮನದಿಗಳು ಇಳಿಯುತ್ತವೆ. ನಕ್ಷೆ ಬಿಡಿ ಬಿಡಿಯಾಗಿ ಕಾಣುವುದು ಇದಕ್ಕೇ.

ಎತ್ತರ? ಶಿಖರಗಳು 2,500 ಮೀಟರ್ ಆಸುಪಾಸು, ಕೆಲವು 3,000ದ ಹತ್ತಿರ. ಈ ಇಡೀ ಪ್ರದೇಶದಲ್ಲಿ ಎತ್ತರದ್ದು ಮ್ಯೂಲಿಗ್-ಹೋಫ್‌ಮನ್ ಸಾಲಿನ ಯೋಕುಲ್‌ಶಿರ್ಕಾ, 3,148 ಮೀಟರ್. ಹಿಮಾಲಯದ ಮುಂದೆ ಏನೂ ಅಲ್ಲ ಬಿಡಿ. ಆದರೆ ಓರ್ವಿನ್ ಸಾಲಿನ ಊಲ್ವೆತಾನಾ ಎಂಬ 2,931 ಮೀಟರಿನ ಶಿಖರದ ಚಿತ್ರ ಸಿಕ್ಕಿದರೆ ಮಕ್ಕಳಿಗೆ ತೋರಿಸಿ. ನಾರ್ವೆ ಭಾಷೆಯಲ್ಲಿ ‘ತೋಳದ ಹಲ್ಲು’ ಎಂದು ಅರ್ಥ. ಐಸಿನಿಂದ ನೆಟ್ಟಗೆ ಎದ್ದ ಕಲ್ಲಿನ ಕೋರೆಹಲ್ಲು. ಅದನ್ನು ಮೊದಲು ಹತ್ತಿದ್ದು 1994ರಲ್ಲಿ, ನಾರ್ವೆಯ ಮೂವರು. ಎವರೆಸ್ಟ್ ಹತ್ತಿ 41 ವರ್ಷ ಆದ ಮೇಲೆ!

ಈಗ ಹೋಲಿಕೆ ಇನ್ನೊಂದು ಸಲ ಬದಲಿಸುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಐಸು ನಿಂತಲ್ಲೇ ನಿಲ್ಲುವ ವಸ್ತು ಅಲ್ಲ. ಧ್ರುವದ ಕಡೆ ಬಿದ್ದ ಹಿಮ ತನ್ನ ತೂಕಕ್ಕೇ ಒತ್ತಿಕೊಂಡು ಐಸಾಗಿ, ಸಮುದ್ರದ ಕಡೆ ಹರಿಯುತ್ತದೆ. ವರ್ಷಕ್ಕೆ ಕೆಲವು ಮೀಟರ್, ಕೆಲವು ಕಡೆ ನೂರಾರು ಮೀಟರ್. ಆ ದಾರಿಗೆ ಈ ಘಟ್ಟ ಅಡ್ಡ ನಿಂತಿದೆ. ಅಂದರೆ ಐಸಿನ ಲೆಕ್ಕದಲ್ಲಿ ಇದು ಕೆರೆ ಏರಿ. ಹಿಂದೆ ಐಸು ತುಂಬಿ ನಿಂತಿದೆ. ಏರಿಯಲ್ಲಿ ಬಿರುಕಿದ್ದಲ್ಲಿ ಕೋಡಿ ಬಿದ್ದ ಹಾಗೆ ಹಿಮನದಿ ಧುಮುಕುತ್ತದೆ. ಆ ಇಳಿಜಾರಿನಲ್ಲಿ ಐಸು ಬಾಗಿ ಸೀಳುತ್ತದೆ. ಸೀಳಿನ ಮೇಲೆ ತೆಳು ಹಿಮ ಮುಚ್ಚಿಕೊಂಡಿರುತ್ತದೆ. ನೆಲದ ಮೇಲೆ ಓಡಾಡುವವರಿಗೆ ಅಲ್ಲಿ ದೊಡ್ಡ ಭಯ ಅದೇ, ಚಳಿ ಅಲ್ಲ.

ಕೋಡಿ ಇಲ್ಲದ ಕಡೆ ಏನಾಗುತ್ತದೆ? ಐಸು ಬಂಡೆಗೆ ಬಂದು ಒರಗಿ ನಿಲ್ಲುತ್ತದೆ. ಎತ್ತರದಿಂದ ಇಳಿಯುವ ಒಣಗಾಳಿ ಮೇಲಿನ ಹಿಮವನ್ನು ಗುಡಿಸಿ ಹಾಕುತ್ತದೆ. ಆಮೇಲೆ ಐಸು ಕರಗದೆ ನೇರ ಆವಿಯಾಗುತ್ತಾ ಸವೆಯುತ್ತದೆ. ಅಡಿಯ ಹಳೆಯ ಐಸು ಮೇಲೆ ಬರುತ್ತದೆ. ಗಾಳಿಗುಳ್ಳೆ ಒತ್ತಿಹೋಗಿರುವುದರಿಂದ ಅದರ ಬಣ್ಣ ನೀಲಿ. ಆ ಐಸಿನೊಳಗೆ ಸಾವಿರಾರು ವರ್ಷದಿಂದ ಹೂತಿದ್ದ ಉಲ್ಕೆಗಳೂ ಅಲ್ಲೇ ಉಳಿದುಬಿಡುತ್ತವೆ. ಹೊಳೆಯ ಕಸವೆಲ್ಲ ಏರಿಯ ಮೂಲೆಗೆ ಬಂದು ಸೇರಿದ ಹಾಗೆ. 1969ರಲ್ಲಿ ಜಪಾನಿನವರು ಇನ್ನೂ ಪೂರ್ವಕ್ಕಿರುವ ಯಮಾಟೊ ಬೆಟ್ಟಗಳ ಬಳಿ ಒಂಬತ್ತು ಉಲ್ಕೆ ಹೆಕ್ಕಿದರು. ಒಂದೇ ಉಲ್ಕೆ ಒಡೆದು ಬಿದ್ದ ತುಂಡುಗಳಾಗಿದ್ದರೆ ಅಚ್ಚರಿ ಇರಲಿಲ್ಲ. ಆದರೆ ಅವು ಬೇರೆ ಬೇರೆ ಜಾತಿಯವಾಗಿದ್ದವು. ಆಮೇಲೆಯೇ ಈ ಲೆಕ್ಕ ಎಲ್ಲರಿಗೂ ಹೊಳೆದದ್ದು. ಈವತ್ತು ಜಗತ್ತಿನಲ್ಲಿ ಸಿಕ್ಕಿರುವ ಉಲ್ಕೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅಂಟಾರ್ಕ್ಟಿಕಾದವು.

ನಾನು ಅಲ್ಲಿ ಕಲ್ಲು ಕುಟ್ಟಿದ್ದು ಒಂದು ಬೇಸಿಗೆ. ಬೇಸಿಗೆ ಅಂದರೆ ಡಿಸೆಂಬರ್, ಜನವರಿ. ಹೆಲಿಕಾಪ್ಟರ್ ನಮ್ಮನ್ನು ಹುಂಬೋಲ್ಟ್ ಬುಡದಲ್ಲಿ ಇಳಿಸಿ ಹೋಯಿತು. ಎದುರಿಗೆ ಕೆಂಪು ಬಂಡೆಯ ಒಂದು ಮೂಗು. ಎರಡು ಕಿ.ಮೀ. ಇರಬಹುದು, ಊಟದ ಹೊತ್ತಿಗೆ ಹೋಗಿ ಬರೋಣ ಅಂದೆ. ಜೊತೆಗಿದ್ದ ಹಳಬರು ನಕ್ಕರು, ಏನೂ ಹೇಳಲಿಲ್ಲ. ಒಂದೂವರೆ ಗಂಟೆ ನಡೆದ ಮೇಲೂ ಆ ಮೂಗು ಅಷ್ಟೇ ದೂರ ಇತ್ತು. ಧೂಳಿಲ್ಲ, ತೇವ ಇಲ್ಲ, ಮರ ಇಲ್ಲ, ಮನೆ ಇಲ್ಲ. ದೂರ ಅಳೆಯಲು ಕಣ್ಣಿಗೆ ಒಂದು ಆಸರೆ ಸಿಗುವುದಿಲ್ಲ. ಜಿಪಿಎಸ್ ತೆಗೆದು ನೋಡಿದಾಗ ಇನ್ನೂ ನಾಲ್ಕು ಕಿ.ಮೀ. ಬಾಕಿ. ಊಟ ಸಂಜೆಗೆ ಆಯಿತು. ಸಂಜೆ ಅನ್ನುವುದೂ ಗಡಿಯಾರದ ಮಾತು, ಸೂರ್ಯ ಮುಳುಗುವುದೇ ಇಲ್ಲವಲ್ಲ.

ಆ ದಾರಿಯಲ್ಲಿ ನೋಡಿದ ಒಂದು ಸಣ್ಣ ಸಂಗತಿ ಇನ್ನೂ ಕಣ್ಣಲ್ಲಿದೆ. ನೀಲಿ ಐಸಿನ ಮೇಲೆ ತೆಂಗಿನಕಾಯಿ ಗಾತ್ರದ ಕಪ್ಪು ಕಲ್ಲುಗಳು ಬಿದ್ದಿದ್ದವು. ಪ್ರತಿಯೊಂದೂ ತನ್ನದೇ ಆಕಾರದ ಗುಂಡಿಯಲ್ಲಿ ಕೂತಿತ್ತು, ಒಲೆ ಮೇಲೆ ಪಾತ್ರೆ ಕೂತ ಹಾಗೆ. ಗಾಳಿ ಸೊನ್ನೆಗಿಂತ ಕೆಳಗಿದ್ದರೂ ಕಪ್ಪು ಕಲ್ಲು ಬಿಸಿಲು ಕುಡಿದು ಬೆಚ್ಚಗಾಗುತ್ತದೆ, ಅಡಿಯ ಐಸು ಕರಗಿ ಕಲ್ಲು ಮುಳುಗುತ್ತಾ ಹೋಗುತ್ತದೆ. ಗುಂಡಿಯ ಮೇಲೆ ಗಾಜಿನಂಥ ತೆಳು ಪದರ ಕಟ್ಟಿತ್ತು. ಸುತ್ತಿಗೆಯ ಹಿಡಿಯಿಂದ ತಟ್ಟಿದರೆ ಒಳಗೆ ನೀರು. ಬಂಡೆಗೆ ಹತ್ತಿರ ಹೋದಂತೆ ಇದೇ ಕಥೆ ದೊಡ್ಡದಾಗಿ ಕಾಣಿಸಿತು. ಬೆಟ್ಟದ ಬುಡಕ್ಕೂ ಐಸಿಗೂ ನಡುವೆ ಕೋಟೆಯ ಕಂದಕದಂಥ ಹಳ್ಳ. ಬೆಚ್ಚಗಿನ ಬಂಡೆ ಒಂದು ಕಡೆಯಿಂದ, ಬಂಡೆಗೆ ಬಡಿದು ಸುಳಿಯುವ ಗಾಳಿ ಇನ್ನೊಂದು ಕಡೆಯಿಂದ ಅದನ್ನು ಕೊರೆದಿರುತ್ತವೆ.

ಹೆಸರುಗಳ ವಿಚಾರ. 1938ರ ಡಿಸೆಂಬರಿನಲ್ಲಿ ಹ್ಯಾಂಬರ್ಗಿನಿಂದ ‘ಶ್ವಾಬೆನ್‌ಲ್ಯಾಂಡ್’ ಎಂಬ ಹಡಗು ಹೊರಟಿತು. ನಾಯಕ ಆಲ್ಫ್ರೆಡ್ ರಿಚರ್. ಹಿಟ್ಲರನ ಜರ್ಮನಿಗೆ ಆಗ ತಿಮಿಂಗಿಲದ ಎಣ್ಣೆ ಬೇಕಿತ್ತು. ಯುದ್ಧದ ಸಂಚಿಗಿಂತ ಮುಂಚೆ ಆ ಎಣ್ಣೆಯಿಂದ ಮಾಡುವ ಕೃತಕ ಬೆಣ್ಣೆಯ, ಅಂದರೆ ಮಾರ್ಗರಿನ್‌ನ ಚಿಂತೆ! ಹಡಗಿನಿಂದ ಕವಣೆಯ ಹಾಗೆ ಚಿಮ್ಮಿಸುವ ಎರಡು ನೀರು-ವಿಮಾನಗಳಿದ್ದವು. ಅವು ಬೆಟ್ಟಗಳ ಮೇಲೆ ಹಾರಿ 11,000ಕ್ಕೂ ಜಾಸ್ತಿ ಚಿತ್ರ ತೆಗೆದವು, ಸ್ವಸ್ತಿಕದ ಗುರುತಿನ ಲೋಹದ ಬಾಣಗಳನ್ನು ಐಸಿಗೆ ಉದುರಿಸಿದವು. ವೋಲ್ಟಾಟ್ ಆ ಯಾತ್ರೆಗೆ ಸರ್ಕಾರದ ಕಡೆಯಿಂದ ವ್ಯವಸ್ಥೆ ಮಾಡಿಸಿದ ಅಧಿಕಾರಿ. ಶಿರ್ಮಾಕರ್ ಒಂದು ವಿಮಾನದ ಪೈಲಟ್. ಗ್ರೂಬರ್ ಆ ಚಿತ್ರಗಳಿಂದ ನಕ್ಷೆ ಬರೆದವನು. ಹುಂಬೋಲ್ಟ್ ಮತ್ತು ಪೀಟರ್‌ಮನ್ ಹತ್ತೊಂಬತ್ತನೇ ಶತಮಾನದ ಭೂಗೋಳದ ದೊಡ್ಡ ಹೆಸರುಗಳು, ಇಬ್ಬರೂ ಅಂಟಾರ್ಕ್ಟಿಕಾ ಕಂಡವರಲ್ಲ.

ತಮಾಷೆ ಏನೆಂದರೆ ಅಷ್ಟು ಚಿತ್ರ ತೆಗೆದರೂ ನೆಲದ ಮೇಲೆ ನಿಂತು ಒಂದು ಬಿಂದುವನ್ನೂ ಯಾರೂ ಅಳೆದಿರಲಿಲ್ಲ. ಹಾಗಾಗಿ ನಕ್ಷೆಯಲ್ಲಿ ಬೆಟ್ಟಗಳು ತಪ್ಪು ಜಾಗದಲ್ಲಿ ಕೂತವು. 1950ರ ದಶಕದ ಕೊನೆಯಲ್ಲಿ ನಾರ್ವೆಯವರು ಮತ್ತೆ ಚಿತ್ರ ತೆಗೆದು, ನೆಲದಲ್ಲೂ ಅಳೆದು ಸರಿಮಾಡಿದರು. ಆ ಪ್ರದೇಶದ ಹೆಸರು ಕ್ವೀನ್ ಮಾಡ್ ಲ್ಯಾಂಡ್, ನಾರ್ವೆಯ ರಾಣಿಯ ಹೆಸರು. ನಾರ್ವೆ ಅದು ತನ್ನದೆಂದು ಘೋಷಿಸಿದ್ದು 1939ರ ಜನವರಿ 14ರಂದು, ಜರ್ಮನ್ ಹಡಗು ತಲುಪುವುದಕ್ಕೆ ಕೆಲವೇ ದಿನ ಮುಂಚೆ. ಆಮೇಲೆ ರಷ್ಯದವರು ಬಂದು ಒಂದಿಷ್ಟು ಹೆಸರಿಟ್ಟರು, ನಾವೂ ಹೋಗಿ ಪ್ರಿಯದರ್ಶಿನಿ, ದಕ್ಷಿಣ ಗಂಗೋತ್ರಿ ಅಂತ ಸೇರಿಸಿದೆವು. 1959ರ ಅಂಟಾರ್ಕ್ಟಿಕಾ ಒಪ್ಪಂದ ಎಲ್ಲರ ಹಕ್ಕಿನ ಮಾತನ್ನೂ ಇದ್ದಲ್ಲಿಗೇ ನಿಲ್ಲಿಸಿತು. ಹೆಸರುಗಳು ಮಾತ್ರ ಸಂತೆಯ ಹಾಗೆ ಕಲಸಿಕೊಂಡು ಉಳಿದವು. ‘ನಮ್ಮ ಕೇಂದ್ರದ ಹಿತ್ತಲು’ ಅಂದಿರಲ್ಲ, ಅದನ್ನು ಮಕ್ಕಳಿಗೆ ತಿದ್ದಿ ಹೇಳಿ. ಮೈತ್ರಿಯ ಪಕ್ಕದಲ್ಲೇ ರಷ್ಯದ ನೊವೊಲಜರೆವ್‌ಸ್ಕಯ ಇದೆ, 1961ರಿಂದ. ಹಿತ್ತಲು ಯಾರದೂ ಅಲ್ಲ.

ಬದುಕುತ್ತದಾ ಅಂದಿರಿ. ಬದುಕುತ್ತದೆ, ಅದೂ ನೀವು ಊಹಿಸದ ರೀತಿಯಲ್ಲಿ. ಸ್ನೋ ಪೆಟ್ರೆಲ್ ಎಂಬ ಹಕ್ಕಿ ಇದೆ, ಪಾರಿವಾಳದ ಗಾತ್ರ, ಅಚ್ಚ ಬಿಳಿ, ಕಪ್ಪು ಕೊಕ್ಕು. ಊಟ ಸಮುದ್ರದಲ್ಲಿ, ಮೊಟ್ಟೆ ಬಂಡೆ ಸಂದಿಯಲ್ಲಿ. ಅದಕ್ಕೆ ಐಸಿಲ್ಲದ ಕಲ್ಲು ಬೇಕೇ ಬೇಕು. ಅದಕ್ಕಾಗಿ ನೂರಾರು ಕಿ.ಮೀ. ಹಾರಿ ಈ ಘಟ್ಟಕ್ಕೆ ಬರುತ್ತದೆ. ಗೂಡಿನ ಹತ್ತಿರ ಹೋದರೆ ಹೊಟ್ಟೆಯ ಎಣ್ಣೆ ಉಗಿಯುತ್ತದೆ. ನನ್ನ ಜಾಕೆಟ್ಟಿಗೂ ಆ ಪ್ರಸಾದ ಸಿಕ್ಕಿತು, ನಾರುವುದು ವಾರ ಕಳೆದರೂ ಹೋಗಲಿಲ್ಲ. ಆ ಎಣ್ಣೆ ಗೂಡಿನ ಬಾಯಲ್ಲಿ ಪದರ ಪದರವಾಗಿ ಮೇಣದಂತೆ ಗಟ್ಟಿಯಾಗುತ್ತದೆ. ಗ್ರೂಬರ್ ಬೆಟ್ಟಗಳಲ್ಲಿ ಸಿಕ್ಕ ಇಂಥ ಪದರಗಳ ವಯಸ್ಸು ಅಳೆದಾಗ 30,000 ವರ್ಷ ಮೀರಿತ್ತು. ಅಂದರೆ ಹಿಮಯುಗ ಜೋರಾಗಿದ್ದ ಕಾಲದಲ್ಲೂ ಆ ಬಂಡೆ ಐಸಿನಿಂದ ಹೊರಗಿತ್ತು. ಹಕ್ಕಿ ಉಗಿದದ್ದು ನಮಗೆ ಐಸಿನ ಚರಿತ್ರೆಯ ದಾಖಲೆ!

ಪಶ್ಚಿಮದ ಮ್ಯೂಲಿಗ್-ಹೋಫ್‌ಮನ್ ಸಾಲಿನಲ್ಲಿ ಸ್ವಾರ್ತ್‌ಹಾಮಾರೆನ್ ಎಂಬ ಬಂಡೆಯ ಇಳಿಜಾರಿದೆ. ಸಮುದ್ರದಿಂದ ಸುಮಾರು 200 ಕಿ.ಮೀ. ಒಳಗೆ. ಅಂಟಾರ್ಕ್ಟಿಕ್ ಪೆಟ್ರೆಲ್‌ಗಳು ಅಲ್ಲಿ ಲಕ್ಷದ ಲೆಕ್ಕದಲ್ಲಿ ಗೂಡು ಕಟ್ಟುತ್ತಿದ್ದವು. 2021-22ರ ಬೇಸಿಗೆಯಲ್ಲಿ ಒಂದರ ಹಿಂದೊಂದು ಹಿಮಬಿರುಗಾಳಿ ಬೀಸಿ ಬಂಡೆಯೆಲ್ಲ ಹಿಮದಡಿ ಹೋಯಿತು. ಆ ವರ್ಷ ಮೊಟ್ಟೆಯಿಟ್ಟ ಹಕ್ಕಿಗಳನ್ನು ಬೆರಳಿನಲ್ಲಿ ಎಣಿಸಬಹುದಿತ್ತು.

ಇನ್ನೊಂದು ಉಂಟರ್‌ಸೇ ಕೆರೆ. ಗ್ರೂಬರ್ ಬೆಟ್ಟಗಳ ಮಡಿಲಲ್ಲಿದೆ. ಉದ್ದ ಆರೂವರೆ ಕಿ.ಮೀ., ಆಳ 169 ಮೀಟರ್. ಮೇಲೆ ವರ್ಷವಿಡೀ ಮೂರು ಮೀಟರ್ ದಪ್ಪದ ಐಸಿನ ಮುಚ್ಚಳ, ಎಂದೂ ತೆರೆಯುವುದಿಲ್ಲ. ಮುಚ್ಚಳ ಮೇಲಿನಿಂದ ಗಾಳಿಗೆ ಸವೆಯುತ್ತದೆ, ಅಡಿಯಿಂದ ಹೊಸದಾಗಿ ಕಟ್ಟುತ್ತದೆ. ಪಕ್ಕದ ಹಿಮನದಿ ನೀರೊಳಗೇ ಕರಗಿ ಕೆರೆಗೆ ನೀರು ಸೇರುತ್ತದೆ. ನೀರು ಸೋಪಿನ ಹಾಗೆ ಕ್ಷಾರ, ಪಿಎಚ್ ಹತ್ತು ದಾಟುತ್ತದೆ. 2008ರಲ್ಲಿ ಮುಳುಗುಗಾರರು ಐಸಿಗೆ ತೂತು ಕೊರೆದು ಇಳಿದಾಗ ತಳದಲ್ಲಿ ಶಂಕುವಿನಂಥ ಗೋಪುರಗಳು ಕಂಡವು, ಅರ್ಧ ಮೀಟರ್ ಎತ್ತರದವರೆಗೆ. ಕಟ್ಟಿದ್ದು ಕಣ್ಣಿಗೆ ಕಾಣದ ಸಯನೋಬ್ಯಾಕ್ಟೀರಿಯಾ. ಮುನ್ನೂರು ಕೋಟಿ ವರ್ಷ ಹಳೆಯ ಬಂಡೆಗಳಲ್ಲಿ ಇಂಥವೇ ಶಂಕುಗಳ ಪಳೆಯುಳಿಕೆ ಸಿಗುತ್ತದೆ. ಇಷ್ಟು ದೊಡ್ಡವು ಈಗ ಬದುಕಿದ್ದು ಕಂಡದ್ದು ಅಲ್ಲೇ. ನನ್ನನ್ನು ಕೇಳಿದರೆ ಶಿಖರಗಳಿಗಿಂತ ಈ ಕೆರೆಯೇ ದೊಡ್ಡ ಬೆರಗು. ಆದರೆ ನಾನು ಕಲ್ಲಿನವನು, ಅಲ್ಲಿಗೆ ಹೋಗುವ ಪುಣ್ಯ ಸಿಗಲಿಲ್ಲ.

ಕೊನೆಗೆ ಕಲ್ಲು. ಇಲ್ಲೊಂದು ತಪ್ಪು ಕಲ್ಪನೆ ತುಂಬಾ ಓಡಾಡುತ್ತದೆ: ದಕ್ಷಿಣದ ಭೂಖಂಡಗಳೆಲ್ಲ ಒಂದಾಗಿದ್ದ ಗೊಂಡ್ವಾನಾ ಕಾಲದಲ್ಲಿ ಮೈತ್ರಿ ಇರುವ ಜಾಗ ನಮ್ಮ ದೇಶಕ್ಕೆ ಅಂಟಿಕೊಂಡಿತ್ತು ಅಂತ. ಹಾಗಲ್ಲ. ಅದರ ನೆರೆ ಆಫ್ರಿಕಾದ ಮೊಜಾಂಬಿಕ್ ಕಡೆ. ಭಾರತದ ಪೂರ್ವ ಕರಾವಳಿಗೆ ಅಂಟಿಕೊಂಡಿದ್ದು ನಮ್ಮ ಇನ್ನೊಂದು ಕೇಂದ್ರ ಭಾರತಿ ಇರುವ ಭಾಗ, ಮೈತ್ರಿಯಿಂದ ಸುಮಾರು 3,000 ಕಿ.ಮೀ. ದೂರ. ಆದರೂ ಮೈತ್ರಿಯ ಹಿಂದಿನ ಘಟ್ಟಸಾಲಿನಲ್ಲಿ ನಮಗೆ ಪರಿಚಯದ ಒಂದು ಕಲ್ಲಿದೆ, ಚಾರ್ನೊಕೈಟ್. ಕೋಲ್ಕತ್ತಾದಲ್ಲಿರುವ, ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಜಾಬ್ ಚಾರ್ನಾಕ್‌ನ ಗೋರಿಗಲ್ಲಿನಿಂದ ಬಂದ ಹೆಸರು. ಬಿಳಿಗಿರಿರಂಗನ ಬೆಟ್ಟ ಇದೇ ಜಾತಿಯ ಕಲ್ಲು. ಜಾತಿ ಒಂದೇ, ವಯಸ್ಸು ಬೇರೆ. ಅಲ್ಲಿನದು 50 ಕೋಟಿ ವರ್ಷದ ಆಸುಪಾಸು, ನಮ್ಮದು 250 ಕೋಟಿಗೂ ಹಿಂದಿನದು. ಅಲ್ಲಿನದು ಮೊಮ್ಮಗು.

ತರಿಸಲು ಆಗುತ್ತದಾ ಅಂದರೆ, ಆಗುವುದಿಲ್ಲ. 1998ರಿಂದ ಜಾರಿಯಲ್ಲಿರುವ ಮ್ಯಾಡ್ರಿಡ್ ಒಡಂಬಡಿಕೆ ಅಲ್ಲಿ ಗಣಿಗಾರಿಕೆಯನ್ನು ನಿಷೇಧಿಸಿದೆ. ಸಂಶೋಧನೆಗೆ ಅನುಮತಿ ಇದ್ದವರು ತಂದ ಕಲ್ಲು ಪ್ರಯೋಗಾಲಯಕ್ಕೆ ಹೋಗುತ್ತದೆ, ನೆನಪಿಗೆ ಅಂತ ಯಾರೂ ಜೇಬಿಗೆ ಹಾಕುವ ಹಾಗಿಲ್ಲ. ನಾನೂ ಹಾಕಲಿಲ್ಲ. ನನ್ನ ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟಿರುವುದು ಚಾಮರಾಜನಗರದ ಕಡೆ ರಸ್ತೆ ಕೆಲಸದಲ್ಲಿ ಒಡೆದು ಬಿದ್ದಿದ್ದ ಚಾರ್ನೊಕೈಟ್. ಹೊಸದಾಗಿ ಒಡೆದ ಮುಖಕ್ಕೆ ಎಣ್ಣೆ ಸವರಿದಂಥ ಜಿಡ್ಡು ಹೊಳಪು, ಹಸಿರು ಮಿಶ್ರಿತ ಕಂದು. ಎರಡು ತುಂಡಿದೆ. ಶಾಲೆಯ ವಿಳಾಸ ಬರೆದು ಕಳಿಸಿ, ಒಂದನ್ನು ಪಾರ್ಸೆಲ್ ಮಾಡುತ್ತೇನೆ.